ನೀಲಿ ಕಂಬದ ಕಡೆಗೆ ವಾಲಿದ ಮನೆಗಳು

ಹೊಳೆ ಉಕ್ಕಿ ಬಂದಾಗ ಜನ ಮನೆ ಬಿಟ್ಟು ಓಡುತ್ತಾರೆ. ಜನರನ್ನು ಒಳಗೇ ಇಟ್ಟುಕೊಂಡು ಮನೆಯೇ ಮೇಲೆದ್ದರೆ ಏನಾಗುತ್ತದೆ? ಕೊಡಗಲಿಯ ಹೊಸ ನೇಕಾರ ಕಾಲನಿ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ.

ಪ್ರಶ್ನೆ ಕೇಳಿದವರಿಗೆ ಕಾರಣವಿತ್ತು. ಹಿಂದಿನ ಮಹಾಪೂರದಲ್ಲಿ ಕೊಡಗಲಿಯ ಹಳೆಯ ಓಣಿಗಳಲ್ಲಿ ಎದೆಮಟ್ಟ ನೀರು ನಿಂತಿತ್ತು. ನೀರು ಇಳಿದ ಮೇಲೆಯೇ ನಿಜವಾದ ಕಷ್ಟ ಶುರುವಾಯಿತು. ಅಲ್ಲಿಯವು ಕುಣಿಮಗ್ಗಗಳು, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಕುಣಿಗಳ ತುಂಬ ಕೆಸರು ಕೂತಿತ್ತು. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಹೊಂದುತ್ತಿರಲಿಲ್ಲ. ಚೀಲದಲ್ಲಿದ್ದ ಜೋಳ ಮೊಳಕೆ ಒಡೆದಿತ್ತು. ಮದುವೆಯ ಫೋಟೊಗಳು ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದರೆ ಮುಖಗಳು ಗಾಜಿನ ಮೇಲೆಯೇ ಉಳಿಯುತ್ತಿದ್ದವು. ಇನ್ನೇನು ಗೋಡೆ ಒಣಗಿತು, ಸುಣ್ಣ ಬಳಿಯೋಣ ಎಂದು ಜನ ಅಂದುಕೊಳ್ಳುವಷ್ಟರಲ್ಲಿ, ಒಳಗೇ ನೀರು ಕುಡಿದು ಕೂತಿದ್ದ ಮಣ್ಣಿನ ಗೋಡೆಗಳು ಬಿಸಿಲಿರುವಾಗಲೇ ಸದ್ದಿಲ್ಲದೆ ಕುಸಿದವು.

ಹಾಗಾಗಿ ಹೊಸ ಕಾಲನಿಯ ಮನೆಗಳನ್ನು ಬೇರೆ ರೀತಿಯಲ್ಲಿ ಕಟ್ಟಿದರು. ಪ್ರತಿ ಮನೆಯ ಅಡಿಯಲ್ಲಿ ತೆಳುವಾದ ಸಿಮೆಂಟಿನ ಒಂದು ಟೊಳ್ಳು ಪೆಟ್ಟಿಗೆ. ನಾಲ್ಕು ಮೂಲೆಗಳಲ್ಲಿ ನೆಲಕ್ಕೆ ಆಳವಾಗಿ ನೆಟ್ಟ ಉಕ್ಕಿನ ಕಂಬಗಳು. ಮನೆಗೆ ಬೆಸೆದ ದೊಡ್ಡ ಬಳೆಗಳು ಆ ಕಂಬಗಳ ಸುತ್ತ ಸಡಿಲವಾಗಿ ಕೂತಿರುತ್ತವೆ. ಬೇಸಿಗೆಯಲ್ಲಿ ಮನೆ ತನ್ನ ತಗ್ಗಿನಲ್ಲಿ ಎಲ್ಲ ಮನೆಗಳ ಹಾಗೆಯೇ ಕೂತಿರುತ್ತದೆ. ಹೊಳೆಯ ನೀರು ತಗ್ಗಿಗೆ ನುಗ್ಗಿದರೆ ಟೊಳ್ಳು ಪೆಟ್ಟಿಗೆ ತೇಲುತ್ತದೆ, ಬಳೆಗಳು ಕಂಬದ ಮೇಲೆ ಜಾರುತ್ತವೆ, ಮನೆ ನೀರಿನ ಜೊತೆ ಏರುತ್ತದೆ. ಕಂಬಗಳಿರುವುದರಿಂದ ಹೊಳೆಯ ಪಾಲಾಗುವುದಿಲ್ಲ. ನೀರು ಇಳಿದರೆ ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಒಂದು ಮನೆಯ ಕಟ್ಟೆಯಿಂದ ಇನ್ನೊಂದರ ಕಟ್ಟೆಗೆ ಹಲಗೆಯ ಕಾಲುದಾರಿ ಇದೆ, ಅದೂ ಮನೆಗಳ ಜೊತೆಗೇ ಏರುತ್ತದೆ.

ಮನೆಗಳು ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು. ಒಂದು ಸಾಲಿನ ಬಾಗಿಲು ಹೊಳೆಗೆ, ಇನ್ನೊಂದು ಸಾಲಿನದು ರಸ್ತೆಗೆ. ಹೊಳೆಯ ಅಂಚಿಗೆ, ಅದೇ ರೀತಿ ತೇಲುವ ಅಂಗನವಾಡಿ. ಗುರುತಿಗಾಗಿ ಪ್ರತಿ ಮನೆಯ ಕಂಬಗಳಿಗೆ ಬಣ್ಣ ಹಚ್ಚಿದ್ದರು. ಹೊಳೆಗೆ ಹತ್ತಿರದ ಮೂಲೆಯ ಕಂಬಕ್ಕೆ ನೀಲಿ, ಅದರ ಎದುರು ಮೂಲೆಯದಕ್ಕೆ ಹಳದಿ. ಕಂಬಕ್ಕೊಂದು ಸಣ್ಣ ಅಳತೆಯ ಯಂತ್ರ. ಮನೆಯ ಆ ಮೂಲೆ ಎಷ್ಟು ಎದ್ದಿದೆ ಎಂಬುದನ್ನು ಅದು ದಿಬ್ಬದ ಮೇಲಿನ ನಿಯಂತ್ರಣ ಕೊಠಡಿಗೆ ಕಳಿಸುತ್ತಿರುತ್ತದೆ.

ಬೇಸಿಗೆಯಲ್ಲಿ ಪಂಪಿನಿಂದ ನೀರು ಬಿಟ್ಟು ಪರೀಕ್ಷೆ ಮಾಡಿದ್ದಾಗ ಎಲ್ಲವೂ ನೆಟ್ಟಗೆ ಎದ್ದು ನೆಟ್ಟಗೆ ಇಳಿದಿದ್ದವು. ಆಮೇಲೆ ಸಂಸಾರಗಳು ಬಂದವು, ಮಗ್ಗಗಳು ಬಂದವು, ಬಾಗಿಲಿಗೆ ತೋರಣ ಬಂತು.

*

ಮುಂಗಾರಿನ ಮೊದಲ ಏರಿಗೆ ಮನೆಗಳು ಗೇಣುದ್ದ ಎದ್ದವು. ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದ ಎಂಜಿನಿಯರ್ ವೃಂದಾ ಕುಲಗೋಡ ತೆರೆಯ ಮೇಲಿನ ಅಂಕಿಗಳನ್ನು ನೋಡುತ್ತ ಚಹಾದ ಲೋಟ ಕೆಳಗಿಟ್ಟಳು.

"ಸರ್, ಇಲ್ಲಿ ಬರ್ರಿ ಸ್ವಲ್ಪ. ಮನಿ ವಾಲ್ಯಾವ."

"ಯಾವ ಮನಿ?" ಎನ್ನುತ್ತ ಹಲಗಲಿ ಸಾಹೇಬರು ಕನ್ನಡಕ ಹುಡುಕಿದರು. ಈ ಯೋಜನೆಯ ಮುಖ್ಯಸ್ಥರು ಅವರು. ನಿವೃತ್ತಿಗೆ ಮುಂಚೆ ಒಂದು ಕೆಲಸವಾದರೂ ಸರಿಯಾಗಿ ಆಗಲಿ ಎಂದು ಮೇಲಿನವರ ಬೆನ್ನು ಹತ್ತಿ ಇದನ್ನು ಮಂಜೂರು ಮಾಡಿಸಿಕೊಂಡವರು.

"ಎಲ್ಲಾವೂ. ಎಲ್ಲಾ ನೀಲಿ ಕಂಬದ ಕಡೆಗೇ."

ಇಬ್ಬರೂ ಬಹಳ ಹೊತ್ತು ನೋಡಿದರು. ಎಲ್ಲ ಮನೆಗಳದೂ ಒಂದೇ ನಕ್ಷೆ, ಕಟ್ಟುವಾಗಲೇ ತಪ್ಪಾಗಿದ್ದರೆ ಎರಡೂ ಸಾಲು ಮುಂದಕ್ಕೆ ವಾಲಬೇಕು, ಇಲ್ಲವೇ ಎರಡೂ ಹಿಂದಕ್ಕೆ ವಾಲಬೇಕು. ಇಲ್ಲಿ ಒಂದು ಸಾಲು ಬಾಗಿಲಿನ ಕಡೆಗೆ ವಾಲಿದೆ, ಇನ್ನೊಂದು ಹಿತ್ತಿಲ ಕಡೆಗೆ. ಎಲ್ಲವೂ ಹೊಳೆಯನ್ನು ಬಗ್ಗಿ ನೋಡುವಂತೆ ನಿಂತಿವೆ.

"ಗಾಳಿ ಇರಬೇಕು ನೋಡವಾ," ಎಂದರು ಹಲಗಲಿ.

"ಎಲೆ ಅಲಗಾಡವಲ್ದು, ಸರ್."

"ಹಂಗಾದ್ರ ನೀರಿನ ಸೆಳವು."

"ತಗ್ಗಿನ್ಯಾಗ ನೀರು ನಿಂತ ನಿಂತಾವ. ಮತ್ತ ಅಂಗನವಾಡಿ ನೋಡ್ರಿ, ಹೊಳಿಗೆ ಎಲ್ಲಾರಕ್ಕಿಂತ ಹತ್ರ ಇರೂದು ಅದಽ. ಅದೊಂದಽ ನೆಟ್ಟಗೈತಿ."

ಓರೆ ದೊಡ್ಡದೇನೂ ಇರಲಿಲ್ಲ, ಎರಡು ಬೆರಳಿನಷ್ಟು. ಆದರೆ ಅಷ್ಟನ್ನು ಬಿಟ್ಟುಬಿಡುವ ಹಾಗೂ ಇರಲಿಲ್ಲ. ಹಳೆಯ ಮೇಜಿನ ಖಾನೆಯನ್ನು ಒಂದೇ ಬದಿ ಹಿಡಿದು ಎಳೆದರೆ ಅದು ಕಚ್ಚಿಕೊಂಡು ನಿಂತುಬಿಡುತ್ತದೆ. ಮನೆಯೂ ಹಾಗೆಯೇ. ಓರೆ ಹೆಚ್ಚಾದರೆ ಬಳೆಗಳು ಕಂಬವನ್ನು ಕಚ್ಚಿ ಹಿಡಿಯುತ್ತವೆ, ಮನೆ ಏರುವುದು ನಿಲ್ಲುತ್ತದೆ, ನೀರು ಮಾತ್ರ ಏರುತ್ತದೆ. ನೀರು ಹೆಚ್ಚಿದಷ್ಟೂ ಓರೆಯೂ ಹೆಚ್ಚುವ ಲಕ್ಷಣ ಅಂಕಿಗಳಲ್ಲಿ ಕಾಣುತ್ತಿತ್ತು.

*

ಮರುದಿನ ನೀರು ಇಳಿಯುವ ಮುಂಚೆಯೇ ವೃಂದಾ ರಸಮಟ್ಟ ಹಿಡಿದು ಕಾಲನಿಗೆ ಹೋದಳು. ಹೊಳೆಸಾಲಿನ ಕೊನೆಯಿಂದ ಎರಡನೆಯ ಮನೆ ಕಸ್ತೂರೆವ್ವನದು. ಓರೆ ಎಲ್ಲಕ್ಕಿಂತ ಹೆಚ್ಚಿದ್ದದ್ದು ಅಲ್ಲಿಯೇ.

"ಬರ್ರಿ ಬಾಯಾರ, ತೊಯ್ಸಿಕೊಂಡು ಬಂದೀರಲ್ಲ," ಎಂದು ಕಸ್ತೂರೆವ್ವ ಒಣಗಿದ ಟವೆಲ್ ಕೊಟ್ಟಳು. ಕೇಳದೆಯೇ ವೃಂದಾಳ ಚಪ್ಪಲಿಗಳನ್ನು ಎತ್ತಿ ಒಲೆಯ ಪಕ್ಕ ಇಟ್ಟಳು. ಅವಳ ಗಂಡ ಸಿದರಾಯ ಮಗ್ಗದಲ್ಲಿ ಕೂತಿದ್ದ. ಈಗಿನದು ಕುಣಿಯಿಲ್ಲದ, ಕಟ್ಟಿಗೆಯ ಕಾಲಿನ ಮಗ್ಗ. ಅದರ ಮೇಲೆ ಕೆಂಪು ರೇಷ್ಮೆಯ ಉದ್ದೆಳೆಗಳ ಹಾಸು ಬಿಗಿದಿತ್ತು. ಆ ಕೆಂಪಿಗೆ ನೀರು ಸೋಕಿದರೆ ಬಣ್ಣ ಹರಿದು ಇಡೀ ಹಾಸು ಕೆಡುತ್ತದೆ. ಅದನ್ನು ಬಿಗಿಯಲು ಗಂಡ ಹೆಂಡತಿ ಇಬ್ಬರೂ ದಿನಗಟ್ಟಲೆ ಕೂತಿದ್ದರು.

"ಲಾಳಿ ಈ ಕಡಿಂದ ಆ ಕಡೆ ಓಡಿ ಹೋಗತೈತ್ರಿ," ಎಂದ ಸಿದರಾಯ. "ತಿರುಗಿ ಬರೂದಕ್ಕ ಮಾತ್ರ ಬ್ಯಾಸರಾ ಮಾಡತೈತಿ. ತವರಮನಿಗೆ ಹೋದ ಹೆಂಗಸರಂಗ."

"ನಾ ಯಾವಾಗ ಬ್ಯಾಸರಾ ಮಾಡೀನಿ? ನೀವಽ ಕರಿಯಾಕ ಬರಂಗಿಲ್ಲ," ಎಂದಳು ಕಸ್ತೂರೆವ್ವ.

ವೃಂದಾ ನಗುತ್ತ ನೆಲದ ಮೇಲೆ ರಸಮಟ್ಟ ಇಟ್ಟಳು. ಅದರ ಗಾಜಿನ ನಳಿಗೆಯೊಳಗಿನ ಗುಳ್ಳೆ ಒಂದು ಬದಿಗೆ ಸರಿಯಿತು. ಮೂಲೆಯಲ್ಲಿ ಮಂಚದ ಮೇಲೆ ಸಿದರಾಯನ ತಾಯಿ ನೀಲವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಂಟ ಮುರಿದಾಗಿನಿಂದ ಅವಳು ಎದ್ದು ಓಡಾಡಿದವಳಲ್ಲ. ಮಂಚದ ಪಕ್ಕದ ತಿಜೋರಿಯಿಂದ, ಆ ಕಡೆ ಕಬ್ಬಿಣದ ಕಪಾಟಿಗೆ ತಿಜೋರಿ ಎನ್ನುತ್ತಾರೆ, ಕಸ್ತೂರೆವ್ವ ಅತಿಥಿಗಳ ಲೋಟ ತೆಗೆದು ಚಹಾ ಕೊಟ್ಟಳು.

"ನನಗೇನ್ ಅನಸ್ತೈತಿ ಗೊತ್ತೇನ್ರಿ? ಹೊಳಿ ಮನೀನ್ನ ಕರಿಯಾಕತ್ತೈತಿ," ಎಂದಳು ಪಕ್ಕದ ಮನೆಯ ಮಾಬೂಬಿ. ಎಂಜಿನಿಯರ್ ಬಂದಿದ್ದಾರೆಂದು ನೋಡಲು ಹಲಗೆ ದಾಟಿ ಬಂದಿದ್ದಳು.

"ಹೊಳಿ ಹೆಸರ ತೆಗೀಬ್ಯಾಡ ಈ ಮನ್ಯಾಗ," ಎಂದಳು ನೀಲವ್ವ, ಗೋಡೆಯ ಕಡೆಯಿಂದಲೇ.

ಹೊರಗೆ ಬಂದ ಮೇಲೆ ಮಾಬೂಬಿ ಮೆಲ್ಲಗೆ ಹೇಳಿದಳು. ಮಹಾಪೂರದ ದಿನ ನೀಲವ್ವನನ್ನು ದೋಣಿಯಲ್ಲಿ ಎತ್ತಿ ಒಯ್ದಿದ್ದರಂತೆ. ಹದಿನೈದು ದಿನ ಬಿಟ್ಟು ವಾಪಸು ಕರೆತಂದಾಗ ಮನೆ ಇರಲಿಲ್ಲ. "ಅವತ್ತಿನಿಂದ ಆ ಮುದುಕಿ ಹೊಳಿ ಕಡೆ ಒಮ್ಮೆನೂ ಹೊಳ್ಳಿ ನೋಡಿಲ್ರಿ. ಮತ್ತ ನೀರು ಬಂದ್ರೂ ನಾ ಮಾತ್ರ ಮನಿ ಬಿಟ್ಟು ಏಳಂಗಿಲ್ಲ ಅಂತಾಳ. ಎತ್ತಾಕ ಹೋದ್ರ ಕೈ ಕಚ್ಚತಾಳ, ಖರೇನ."

*

ವೃಂದಾಳಿಗೆ ಆ ಗುಳ್ಳೆಯದೇ ಧ್ಯಾನವಾಯಿತು. ಮಣ್ಣು ಪರೀಕ್ಷಿಸಿದಳು, ಮಣ್ಣು ಸರಿಯಾಗಿತ್ತು. ಟೊಳ್ಳು ಪೆಟ್ಟಿಗೆಗಳಲ್ಲಿ ನೀರು ಸೋರಿದೆಯೇ ಎಂದು ಬಡಿದು ನೋಡಿದಳು, ಎಲ್ಲವೂ ಒಣಗಿದ್ದವು. ಅಳತೆಯ ಯಂತ್ರಗಳನ್ನೇ ಅನುಮಾನಿಸಿ ನೀಲಿ ಕಂಬದ್ದನ್ನು ಹಳದಿಗೂ ಹಳದಿಯದನ್ನು ನೀಲಿಗೂ ಹಾಕಿದಳು. ಮನೆ ವಾಲಿದ್ದು ನೀಲಿಗೇ.

ಈ ನಡುವೆ ಅವಳು ಇನ್ನೊಂದು ಸಂಗತಿ ಗಮನಿಸಿದ್ದಳು. ತೇಲುವ ಮನೆ ತನ್ನ ಗುಟ್ಟು ಮುಚ್ಚಿಡಲಾರದು. ಯಾರ ಮನೆಗೆ ನೆಂಟರು ಬಂದರು, ಯಾರು ಜೋಳದ ಚೀಲ ತಂದರು, ಯಾವ ಗಂಡ ಮುನಿಸಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತ, ಎಲ್ಲವೂ ಅಂಕಿಗಳಲ್ಲಿ ಕೂದಲೆಳೆಯಷ್ಟು ಕಾಣುತ್ತಿತ್ತು. ಹಲಗಲಿಯವರೂ ನೋಡುತ್ತಿದ್ದರು. ಆ ಬಗ್ಗೆ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ, ಬೇರೆಯವರ ಮುಂದೆಯೂ ಬಾಯಿ ಬಿಡಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಧಾರವಾಡದಿಂದ ವೃಂದಾಳ ತಾಯಿಯ ಫೋನು ಬಂತು. ಅವರು ಆಗಷ್ಟೇ ಬಾಡಿಗೆ ಮನೆ ಬದಲಿಸಿದ್ದರು.

"ವೃಂದಾ, ಈ ಮೊಬೈಲಿನ್ಯಾಗ ದಿಕ್ಕು ತೋರಸೂದು ಎಲ್ಲೈತವಾ?"

"ಯಾಕವ್ವಾ, ಎಲ್ಲಿ ಹೊಂಟೀದಿ?"

"ಎಲ್ಲಿಗೂ ಇಲ್ಲ. ಹಮಾಲರು ತಿಜೋರಿ ಎಲ್ಲೆಲ್ಲೋ ಇಟ್ಟು ಹೋಗಿಬಿಟ್ಟಾರ. ನೈಋತ್ಯಕ್ಕ ಇಡಬೇಕಲ್ಲ? ಈ ಮನಿ ದಿಕ್ಕಽ ತಿಳೀವಲ್ದು ನನಗ. ಭಾರದ್ದೆಲ್ಲಾ ಒಂದ ಮೂಲಿಗೆ ಇಟ್ಟುಬಿಟ್ರ ನನಗ ನಿಶ್ಚಿಂತಿ."

ವೃಂದಾ ಕುರ್ಚಿಯಿಂದ ಎದ್ದಳು. ಕಿಟಕಿಯಿಂದ ಕಾಣುವ ಹೊಳೆಯನ್ನು ನೋಡಿದಳು, ಸೂರ್ಯನನ್ನು ನೋಡಿದಳು. ಹೊಳೆ ಇದ್ದದ್ದು ಕಾಲನಿಯ ನೈಋತ್ಯಕ್ಕೆ. ಇಷ್ಟು ದಿನ ನೀಲಿ ಕಂಬ, ನೀಲಿ ಕಂಬ ಎಂದು ಕರೆದೂ ಕರೆದೂ ಆ ಮೂಲೆಗೆ ಇನ್ನೊಂದು ಹೆಸರಿದೆ ಎಂಬುದೇ ಮರೆತುಹೋಗಿತ್ತು.

"ಹಲೋ? ಫೋನ್ ಕಟ್ಟಾತೇನು?"

"ಇಲ್ಲವ್ವಾ. ನೀನಽ ನನ್ನ ಕಣ್ಣ ತೆರಸಿದಿ. ಸಂಜೀಕ ಹೇಳತೀನಿ."

ಫೋನಿಟ್ಟು ಅವಳು ಹೇಳಿದ್ದನ್ನು ಹಲಗಲಿ ಬಾಯಿ ತೆರೆದು ಕೇಳಿದರು. ಖಾಲಿ ಮನೆಗಳು ನೆಟ್ಟಗೆ ಎದ್ದಿದ್ದವು. ಆಮೇಲೆ ಪ್ರತಿ ಸಂಸಾರವೂ ತಿಜೋರಿ, ಜೋಳದ ಚೀಲ, ಬೀಸುವ ಕಲ್ಲು, ನೂಲಿನ ಗಂಟು, ಹಿರಿಯರ ಮಂಚ ಎಲ್ಲವನ್ನೂ ನೈಋತ್ಯದ ಮೂಲೆಗೆ ಒಟ್ಟಿತ್ತು. ಈಶಾನ್ಯದ ಮೂಲೆ, ಅಂದರೆ ಹಳದಿ ಕಂಬ, ದೇವರಿಗೆ. ಅದನ್ನು ಹಗುರವಾಗಿ ಬಿಟ್ಟಿದ್ದರು. ಅಂಗನವಾಡಿಯಲ್ಲಿ ತಿಜೋರಿಯೇ ಇರಲಿಲ್ಲ.

"ನಮಗ ಇದು ಹೊಳಿಲಿಲ್ಲಲ್ಲ," ಎಂದರು ಹಲಗಲಿ.

ವೃಂದಾ ಮೆಲ್ಲಗೆ ತಿರುಗಿ ಕೊಠಡಿಯ ಮೂಲೆ ನೋಡಿದಳು. ಸಾಹೇಬರ ಕಬ್ಬಿಣದ ಕಪಾಟು ನೈಋತ್ಯದಲ್ಲಿಯೇ ನಿಂತಿತ್ತು.

"ಅದು ನಾ ಇಟ್ಟದ್ದಲ್ಲವಾ," ಎಂದರು ಅವರು. ಕನ್ನಡಕ ತೆಗೆದು ಒರೆಸುತ್ತ, "ಇಟ್ಟವರಿಗೆ ಅಲ್ಲಿ ಇಡು ಅಂದಿದ್ದೆ," ಎಂದರು.

*

ಮನೆಮನೆಗೆ ಹೋಗಿ ತಿಳಿಸಿದರು. ಜನ ಚೆನ್ನಾಗಿಯೇ ಕೇಳಿಸಿಕೊಂಡರು. ತಟ್ಟೆಯಲ್ಲಿ ನೀರು ಹಾಕಿ, ಅದರಲ್ಲಿ ಬೆಂಕಿಪೆಟ್ಟಿಗೆ ತೇಲಿಸಿ, ಒಂದು ಮೂಲೆಗೆ ಅಡಿಕೆ ಹೋಳು ಇಟ್ಟು ವೃಂದಾ ತೋರಿಸಿದಾಗ ಹೆಂಗಸರು "ಹೌದಲ್ರಿ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ತಿಜೋರಿಗಳನ್ನು ನಡುಮನೆಗೆ ಸರಿಸಿದರು. ಮುಂದಿನ ಸಣ್ಣ ಏರಿನ ಸಂಜೆ ತೆರೆಯ ಮೇಲೆ ಅಂಕಿಗಳು ಸಮವಾದವು. ಬೆಳಗಾಗುವಷ್ಟರಲ್ಲಿ ಅರ್ಧದಷ್ಟು ಮನೆಗಳು ಮತ್ತೆ ನೀಲಿಗೆ ವಾಲಿದ್ದವು. ಎಂಜಿನಿಯರ್ ಬಾಯಾರಿಗೆ ಎದುರಾಡುವುದು ಬೇಡ ಎಂದು ಸರಿಸಿ, ಅವಳು ಹೋದ ಮೇಲೆ ತಿರುಗಿ ಇಟ್ಟಿದ್ದರು.

ವೃಂದಾ ಯಾರನ್ನೂ ಬೈಯಲಿಲ್ಲ. ಮತ್ತೊಮ್ಮೆ ಹೋದಳು, ಮತ್ತೊಂದು ಬಾರಿ ಬೆಂಕಿಪೆಟ್ಟಿಗೆ ತೇಲಿಸಿದಳು. ತಿಜೋರಿಯೊಂದು ಇರಲಿ, ಚೀಲಗಳನ್ನಾದರೂ ಸರಿಸಿ ಎಂದಳು. ಕೆಲವರು ಚೀಲ ಸರಿಸಿದರು. ಕೆಲವರು ಕಲ್ಲು ಸರಿಸಿದರು. ಶ್ರಾವಣ ಬರುವಷ್ಟರಲ್ಲಿ ಒಂದು ಮನೆಯ ಹೊರತು ಉಳಿದವೆಲ್ಲ ಹೆಚ್ಚುಕಡಿಮೆ ನೆಟ್ಟಗಾಗಿದ್ದವು.

ಆ ಒಂದು ಮನೆಯಲ್ಲಿ ನೀಲವ್ವ ಇದ್ದಳು.

"ಒಂದು ಕಡ್ಡಿ ಸೈತ ಸರಸಾಕ ಬಿಡಂಗಿಲ್ಲ ನಾ," ಎಂದಿದ್ದಳು. "ನಮ್ಮ ಹಳೇ ಮನಿ ಯಾವ ಮೂಲಿಯಿಂದ ಬಿತ್ತು ಗೊತ್ತೈತೇನು ನಿನಗ? ಇದಽ ಮೂಲಿಯಿಂದ. ಆ ವರ್ಷ ಜೋಳ ಇರ್ಲಿಲ್ಲ, ತಿಜೋರಿ ಮಗಳ ಮನಿಗೆ ಕೊಟ್ಟಿದ್ವಿ. ಮೂಲಿ ಖಾಲಿ ಇತ್ತು. ಖಾಲಿ ಬಿಟ್ಟದ್ದಕ್ಕಽ ಬಿತ್ತು."

ಗೋಡೆ ಬಿದ್ದದ್ದು ನೀರು ಕುಡಿದದ್ದಕ್ಕೆ ಎಂದು ವೃಂದಾ ಹೇಳಲು ಹೋದಳು. ಆ ಮುಖ ನೋಡಿ ಬೆಂಕಿಪೆಟ್ಟಿಗೆಯನ್ನು ತಿರುಗಿ ಕಿಸೆಗೆ ಹಾಕಿಕೊಂಡಳು. ಅತ್ತೆಗೆ ಕಾಣದ ಹಾಗೆ ಕಸ್ತೂರೆವ್ವ ಕೈಮುಗಿದು, ಇವತ್ತು ಬೇಡ ಎಂದು ಕಣ್ಣಲ್ಲೇ ಕೇಳಿಕೊಂಡಳು.

*

ಶ್ರಾವಣದ ಮೂರನೆಯ ವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಬೆಳಗಿನ ಹೊತ್ತಿಗೆ ಹೊಳೆ ಕಾಲನಿಯೊಳಗಿತ್ತು. ಮನೆಗಳು ಒಂದೊಂದಾಗಿ ನರಳಿ ಎದ್ದವು. ಮಕ್ಕಳು ಕಿಟಕಿಗಳಿಂದ ಕೂಗು ಹಾಕುತ್ತಿದ್ದರು. ಒಬ್ಬಳು ಕಟ್ಟೆಯ ಮೇಲೆ ಕೂತು ರೊಟ್ಟಿ ತಟ್ಟುತ್ತಲೇ ಮೇಲೇರಿದಳು.

ವೃಂದಾ ಅಂಗನವಾಡಿಯಲ್ಲಿದ್ದಳು. ಫೋನಿನಲ್ಲಿ ಹಲಗಲಿಯವರ ದನಿ ಬಂತು.

"ವೃಂದಾ, ಕಸ್ತೂರೆವ್ವನ ಮನಿ ನಿಂತುಬಿಟ್ಟೈತಿ. ನಾಲ್ಕು ಬೆರಳು ಓರೆ. ಬಳಿ ಕಚ್ಚ್ಯಾವ. ಬಾಜೂಕಿನ ಮನಿ ಏರೇರಿ ಹೊಂಟೈತಿ, ಇದು ಏಳವಲ್ದು."

ಅವಳು ಹಲಗೆಗಳ ಮೇಲೆ ಓಡಿದಳು. ಮಾಬೂಬಿಯ ಕಟ್ಟೆಯಿಂದ ಕಸ್ತೂರೆವ್ವನ ಕಟ್ಟೆಗೆ ಹಾಕಿದ ಹಲಗೆ ಈಗ ಇಳಿಜಾರಾಗಿತ್ತು. ನೀರು ಹೊಸ್ತಿಲಿನಿಂದ ಒಂದು ಗೇಣು ಕೆಳಗಿತ್ತು. ಒಳಗೆ ಸಿದರಾಯ ಮಗ್ಗದ ಕಾಲುಗಳ ಅಡಿಗೆ ಇಟ್ಟಿಗೆ ಕೊಡುತ್ತಿದ್ದ. ಮಳೆಯಲ್ಲಿ ಓಡಿಬಂದ ನೆರೆಯವನೊಬ್ಬ ತನ್ನ ಮಳೆಕೋಟನ್ನು ಬಿಚ್ಚಿ ಕೆಂಪು ಹಾಸಿನ ಮೇಲೆ ಹೊದಿಸಿ, ತಾನು ಬಾಗಿಲಿನ ಇರಚಲಿಗೆ ತೋಯುತ್ತ ನಿಂತಿದ್ದ.

"ತಿಜೋರಿ ಎಳೀಲೇನ್ರಿ?" ಎಂದ ಸಿದರಾಯ.

"ಈಗ ಬ್ಯಾಡ. ನೆಲ ಇಳಿಜಾರಾಗೈತಿ. ಜಾರಿದ್ರ ಗೋಡಿ ಒಡಕೊಂಡು ಹೋಗತೈತಿ, ಆಯಿ ಅಲ್ಲೇ ಅದಾರ. ಎದುರು ಮೂಲಿಗೆ ಭಾರ ಹಾಕಬೇಕು. ಆ ಜೋಳದ ಚೀಲ ಎತ್ತಿ ಈಶಾನ್ಯಕ್ಕ ಒಗೀರಿ."

ನೀಲವ್ವ ಮಂಚದಿಂದಲೇ ಕೋಲು ಚಾಚಿ ಚೀಲಗಳ ಮೇಲೆ ಅಡ್ಡ ಇಟ್ಟಳು.

"ಅಲ್ಲಿ ದೇವ್ರು ಅದಾನ! ದೇವ್ರ ತಲಿಮ್ಯಾಲೆ ಜೋಳ ಹೇರತೀರೇನು?"

"ಅವ್ವಾ, ಮನಿ ಮುಳಗತೈತಿ!"

"ಮುಳಗಲಿ. ಮೂಲಿ ಖಾಲಿ ಮಾಡಿದ್ರೂ ಮುಳಗತೈತಿ."

ಸಿದರಾಯ ಚೀಲದ ಕಿವಿ ಹಿಡಿದವನು ಹಿಡಿದಂತೆಯೇ ನಿಂತ. ತಾಯಿಯ ಮಾತು ಮೀರಿ ಅವನು ಎಂದೂ ಏನನ್ನೂ ಎತ್ತಿಟ್ಟವನಲ್ಲ. ಕಸ್ತೂರೆವ್ವ ಮಗ್ಗವನ್ನೂ ಅತ್ತೆಯನ್ನೂ ನೋಡುತ್ತಿದ್ದಳು.

"ಅತ್ತೀ, ನಿಮ್ಮನ್ನಾದ್ರೂ ಎತ್ತೂಣು. ಮಾಬೂಬಿ ಮನಿಗೆ..."

"ಎತ್ತೀರಂದ್ರ ನೋಡ್ರಿ! ಒಮ್ಮೆ ಎತ್ತಿ ಒಯ್ದಿದ್ರಿ. ತಿರುಗಿ ಬಂದಾಗ ಏನಿತ್ತು?" ನೀಲವ್ವ ಕೋಪದಲ್ಲಿ ವೃಂದಾಳ ಕಡೆ ತಿರುಗಿದಳು. "ಇಷ್ಟ ಓದಿದಾಕಿ, ನಿನಗ ಅಷ್ಟೂ ತಿಳಿಯಂಗಿಲ್ಲೇನು? ಈಶಾನ್ಯಕ್ಕ ಜೋಳ ಇಡತಾರೇನು ಯಾರರ? ಇಡೂದಿದ್ರ ಅಲ್ಲಿ ನೀರು ಇಡಬೇಕು, ನೀರು!"

ವೃಂದಾ ಅವಳ ಮುಖವನ್ನೇ ನೋಡಿದಳು. ಧಾರವಾಡದಲ್ಲಿ ತನ್ನ ತಾಯಿಯ ಹಳೆಯ ಮನೆಯ ನೀರಿನ ತೊಟ್ಟಿ ಇದ್ದದ್ದೂ ಈಶಾನ್ಯದಲ್ಲಿಯೇ.

"ಆಯಿ, ಅಲ್ಲಿ ಎಷ್ಟ್ ನೀರು ಇಡಬಹುದು?"

"ಎಷ್ಟರ ಇಡು. ನೀರಿಗೇನು ಅಡ್ಡಿ?"

"ಸಿದರಾಯಣ್ಣ, ಚೀಲ ಬಿಡ್ರಿ," ಎಂದಳು ವೃಂದಾ. "ಬ್ಯಾರಲ್ ಐತೇನು? ಕೊಡಾ? ಇದ್ದಬಿದ್ದ ಎಲ್ಲಾ ತರ್ರಿ. ನೀರಂತೂ ಬಾಗಲದಾಗ ಬಂದು ನಿಂತೈತಿ."

ಮಾತು ಹಲಗೆಯಿಂದ ಹಲಗೆಗೆ ದಾಟಿತು. ಬ್ಯಾರಲ್ ಬಂತು, ಕೊಡಗಳು ಬಂದವು, ಬಕೆಟ್ಟುಗಳು ಬಂದವು. ಹಬ್ಬಕ್ಕೆ ಅಡುಗೆ ಮಾಡುವ ದೊಡ್ಡ ಹಂಡೆಯನ್ನು ಮಾಬೂಬಿ ತನ್ನ ಮಗಳ ಜೊತೆ ಹೊತ್ತು ತಂದಳು. ಕಟ್ಟೆಯ ಮೇಲೆ ಬಗ್ಗಿ ಕಸ್ತೂರೆವ್ವ ಮೊದಲ ಕೊಡ ಮುಳುಗಿಸಿದಳು.

"ಸೋಸಿ ಹಾಕವಾ," ಎಂದಳು ನೀಲವ್ವ. "ದೇವ್ರ ಮುಂದ ರಾಡಿ ನೀರು ಇಡತೀಯೇನು?"

"ಈಗೇನು ಸೋಸೂ ಹೊತ್ತೇನ್ರಿ ಅತ್ತೀ!"

"ಹಂಗಾರ ಮೊದಲನೇ ಕೊಡಕ್ಕರ ಅರಿಷಿಣ ಹಚ್ಚು. ಗಂಗವ್ವ ಹೌದಲ್ಲೋ ಆಕಿ?"

ಕಸ್ತೂರೆವ್ವ ಒದ್ದೆ ಬೆರಳಿನಿಂದ ಕೊಡದ ಕಂಠಕ್ಕೆ ಅರಿಷಿಣ ಎಳೆದು ಮುಂದಕ್ಕೆ ಕೊಟ್ಟಳು. ಬಾಗಿಲಿನಿಂದ ದೇವರ ಮೂಲೆಯವರೆಗೆ ಜನ ಸಾಲಾಗಿ ನಿಂತರು. ಕೊಡಗಳು ಕೈಯಿಂದ ಕೈಗೆ ಹೋದವು. ಕೆಳಗೆ ಚೆಲ್ಲಿದ್ದನ್ನು ಒಬ್ಬಾಕೆ ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು, ಮಗ್ಗದ ಕಡೆ ಹರಿಯಬಾರದೆಂದು. ಬ್ಯಾರಲ್ ತುಂಬಿತು, ಹಂಡೆ ತುಂಬಿತು.

ದಿಬ್ಬದ ಮೇಲೆ ಹಲಗಲಿ ತೆರೆಗೆ ಮೂಗು ತಾಗಿಸಿ ಕೂತಿದ್ದರು. ಕಸ್ತೂರೆವ್ವನ ಮನೆಯ ಹಳದಿ ಅಂಕಿ ಸಣ್ಣಗೆ ನಡುಗಿ ಕೆಳಗಿಳಿಯುತ್ತಿತ್ತು, ನೀಲಿ ಅಂಕಿ ಅಷ್ಟೇ ಮೆಲ್ಲಗೆ ಮೇಲೇರುತ್ತಿತ್ತು. ಇಷ್ಟೊಂದು ಜನರ ತೂಕವನ್ನು ಅವರು ಒಂದೇ ಮನೆಯಲ್ಲಿ ಎಂದೂ ಕಂಡಿರಲಿಲ್ಲ. "ಮೂರು ಬೆರಳು," ಎಂದರು ಫೋನಿಗೆ. ಬಹಳ ಹೊತ್ತಾದ ಮೇಲೆ, "ಎರಡು." ಆಮೇಲೆ, "ಒಂದೂವರೆ. ಇನ್ನ ಸ್ವಲ್ಪ ಹಾಕವಾ."

"ಪಾತ್ರಿ ಮುಗದಾವ, ಸರ್."

ನೀರು ಹೊಸ್ತಿಲು ಮುಟ್ಟಿತು. ಸಿದರಾಯ ಬಾಗಿಲು ಹಾಕಿ, ಸಂದಿಗೆ ಹಳೆಯ ಸೀರೆ ತುರುಕಿದ. ತುರುಕಿದಲ್ಲಿಂದಲೇ ಒಂದು ಎಳೆ ನೀರು ಒಳಗೆ ಹರಿದು ಇಳಿಜಾರಿನಲ್ಲಿ ಮಂಚದ ಕಡೆ ಹೊರಟಿತು. ಬಂದವರೆಲ್ಲ ಹಳದಿ ಮೂಲೆಗೆ ಸರಿದು, ಕೊಡಗಳ ನಡುವೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಬಳೆಗಳು ಮಾತ್ರ ಬಿಡಲಿಲ್ಲ.

ತನ್ನ ಮಂಚದ ಕಾಲಿನ ಕಡೆಗೆ ಬರುತ್ತಿದ್ದ ನೀರಿನ ಎಳೆಯನ್ನು ನೀಲವ್ವ ನೋಡುತ್ತಿದ್ದಳು. ಆಮೇಲೆ ಎದುರು ಮೂಲೆಯಲ್ಲಿ ಕಿಕ್ಕಿರಿದು ನಿಂತವರನ್ನು ನೋಡಿದಳು. ಮಾಬೂಬಿಯ ತೋಳಿನಲ್ಲಿ ಯಾರದೋ ಕೂಸಿತ್ತು. ಮಳೆಕೋಟು ಕೊಟ್ಟವನು ಚಳಿಗೆ ನಡುಗುತ್ತಿದ್ದ.

"ಎಂಜಿನಿಯರಬಾಯಿ," ಎಂದಳು. "ನಾ ಎಷ್ಟ್ ತೂಗತೀನಿ?"

ವೃಂದಾ ಆ ಸಣಕಲು ಮೈ ನೋಡಿ ಅಂದಾಜು ಹಾಕಿದಳು.

"ಒಂದು ಮೂರು ಕೊಡದಷ್ಟು, ಆಯಿ."

"ಮೂರಽ?" ನೀಲವ್ವನಿಗೆ ನಂಬಿಕೆಯಾಗಲಿಲ್ಲ. "ಮದಿವ್ಯಾದ ಹೊಸದಾಗಿ ಐದು ಕೊಡ ಇದ್ನೆವಾ ನಾ. ಮೂರು ಸಾಕಾಕ್ಕೈತೇನು?"

"ಸಾಕಾಗಬಹುದು. ಗೊತ್ತಿಲ್ಲ."

ನೀಲವ್ವ ಕೋಲನ್ನು ಚೀಲಗಳ ಮೇಲಿಂದ ತೆಗೆದು ಪಕ್ಕಕ್ಕಿಟ್ಟಳು. "ತಿಜೋರಿ ಅಲ್ಲೇ ಇರಲಿ, ಚೀಲಾ ಅಲ್ಲೇ ಇರಲಿ. ನನ್ನಷ್ಟ ಎತ್ರಿ. ದೇವ್ರ ಮುಂದ ಕುಂಡ್ರಸ್ರಿ."

ನಾಲ್ವರು ನಾಲ್ಕು ಕಡೆ ಮಂಚ ಹಿಡಿದರು.

"ಮೆಲ್ಲಕ," ಎಂದಳು ಕಸ್ತೂರೆವ್ವ. "ಸೊಂಟಕ್ಕ ಹತ್ತೀತು." ಅವಳು ಅತ್ತೆಯ ಬೆನ್ನಿನ ಅಡಿಗೆ ತನ್ನ ಎರಡೂ ಕೈ ಕೊಟ್ಟು, ಬಗ್ಗಿಕೊಂಡೇ ಜೊತೆಗೆ ನಡೆದಳು. ಮನೆಯ ನಡುವನ್ನು ದಾಟುವಾಗ ಕಾಲಡಿಯ ನೆಲ ಒಮ್ಮೆ ಕಂಪಿಸಿತು. ಮಂಚವನ್ನು ಕೊಡಗಳ ನಡುವೆ ಇಳಿಸಿದರು.

ಏನೂ ಆಗಲಿಲ್ಲ. ಹಲಗಲಿಯವರ ಉಸಿರು ಫೋನಿನಲ್ಲಿ ಕೇಳುತ್ತಿತ್ತು.

ಆಮೇಲೆ ನೆಲದ ಅಡಿಯಿಂದ, ದೊಡ್ಡ ಹಂಡೆಯನ್ನು ಕಲ್ಲಿನ ಮೇಲೆ ಎಳೆದಂಥ ಒಂದು ಸದ್ದು ಬಂತು. ಇಡೀ ಮನೆ ಒಮ್ಮೆ ಕುಲುಕಿತು. ಕೊಡಗಳ ನೀರೆಲ್ಲ ತುಳುಕಿ ನಿಂತವರ ಕಾಲ ಮೇಲೆ ಚೆಲ್ಲಿತು. ಕೂಸು ಅತ್ತಿತು. ಒಳಗೆ ಹರಿಯುತ್ತಿದ್ದ ನೀರಿನ ಎಳೆ ನಿಂತು, ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ಹರಡಿಕೊಂಡಿತು.

"ಬಿಟ್ಟಿತು!" ಹಲಗಲಿ ಕೂಗಿದರು. "ಏಳಾಕತ್ತೈತಿ! ಬಿಟ್ಟಿತವಾ!"

ಮನೆ ಏರುತ್ತಿರುವುದು ಒಳಗಿದ್ದವರಿಗೆ ಮೊದಲು ತಿಳಿಯಲೇ ಇಲ್ಲ. ಕಿಟಕಿಯಲ್ಲಿ ಮಾಬೂಬಿಯ ಕಟ್ಟೆ ಮೆಲ್ಲಗೆ ಕೆಳಗಿಳಿದು ಸಮಕ್ಕೆ ಬಂತು. ಅವಳ ಬೆಕ್ಕು ಅಲ್ಲಿಂದ ಇಣುಕಿ ನೋಡಿತು. ಮಗ್ಗದ ಮೇಲಿನ ಕೋಟನ್ನು ಸಿದರಾಯ ಸ್ವಲ್ಪ ಸರಿಸಿ ಹಾಸನ್ನು ಮುಟ್ಟಿ ನೋಡಿದ. ಒಣಗಿತ್ತು. ಅವನು ಅಲ್ಲೇ ಕೂತುಬಿಟ್ಟ.

"ಯಾರೂ ಅಲಗಾಡಬ್ಯಾಡ್ರಿ ಇನ್ನೂ," ಎಂದಳು ವೃಂದಾ. "ಹಿಂಗಽ ನಿಂದರ್ರಿ ಸ್ವಲ್ಪ ಹೊತ್ತು."

"ನಿಂದರೂದ್ಯಾಕ, ಕುಂಡರ್ರಿ ಎಲ್ಲಾರೂ," ಎಂದಳು ನೀಲವ್ವ. "ಏ ಸಿದರಾಯಾ, ಆ ಬಾಗಲಾ ತೆರಿ."

"ಬಾಗಲಾ?" ಸಿದರಾಯ ಹೆಂಡತಿಯ ಮುಖ ನೋಡಿದ. "ಹೊರಗ ಹೊಳಿ ಐತವ್ವಾ."

"ಗೊತ್ತೈತಿ ನನಗ. ತೆರಿ."

ಅವನು ಸಂದಿಯ ಸೀರೆ ಕಿತ್ತು ಬಾಗಿಲು ತೆರೆದ. ಹೊಸ್ತಿಲಿನಿಂದ ಒಂದು ಗೇಣು ಕೆಳಗೆ, ಕೆಂಪಗೆ, ಮಳೆ ನಿಂತು ಬಂದ ಬಿಸಿಲಿನಲ್ಲಿ ಮಿನುಗುತ್ತ ಹೊಳೆ ಆ ಕಡೆಯ ಹೊಲಗಳವರೆಗೂ ಹರಡಿಕೊಂಡಿತ್ತು. ಮುರಿದ ಒಂದು ಟೊಂಗೆ ತೇಲಿ ಬಂದು, ಹೊಸ್ತಿಲಿನ ಮುಂದೆ ಒಮ್ಮೆ ಸುತ್ತಿ, ಮುಂದೆ ಹೋಯಿತು.

ನೀಲವ್ವ ಮೊಣಕೈ ಊರಿ ಸ್ವಲ್ಪ ಎದ್ದಳು. ಕಸ್ತೂರೆವ್ವ ಹಿಂದಿನಿಂದ ಆಸರೆ ಕೊಟ್ಟಳು.

"ಇಷ್ಟ ಅಗಲ ಅದಾಳೇನು ಈಕಿ?" ಎಂದಳು ನೀಲವ್ವ.

ಕಸ್ತೂರೆವ್ವ ಬಾಗಿಲು ಹಾಕಲು ಏಳಹೋದಾಗ ಮುದುಕಿ ಅವಳ ಕೈ ಹಿಡಿದು ಕೂರಿಸಿದಳು.

"ಇರಲಿ ಬಿಡು. ಇನ್ನೂ ಎಷ್ಟ್ ಏರತಾಳೋ, ನೋಡೂಣು."